ಹಬ್ಬುವಾಡದಲ್ಲಿ ಹಬ್ಬು

ಮೊದಲು ಅವನು ಕೇಳಿದ್ದು ದುಡ್ಡಲ್ಲ, ತೂಕ.
ಮೀನು ಮಾರ್ಕೆಟ್ಟಿಗೆ ಹೋಗಿ
ಬಂಗಡೆ ತೂಗುವ ಕಾಟಾದ ಮೇಲೆ
ಗಂಟುಮೂಟೆ ಇಟ್ಟು ನೋಡಿ ಬಂದೆ:
ಡೇರೆ, ಸ್ಟೋವು, ಕುಚ್ಚಲಕ್ಕಿ, ಮಳೆಯಂಗಿ,
ಒಟ್ಟು ಮೂವತ್ತೊಂದು ಕಿಲೋ,
ಅಂಟಿಕೊಂಡ ಒಂದೆರಡು ಹುರುಪೆ ಬೇರೆ.

"ಮತ್ತೆ ನೀವು?" ಅಂದ ಕೈತಾನ.
ಅರವತ್ನಾಲ್ಕು.
"ವಯಸ್ಸಲ್ಲರೀ, ತೂಕ."
ಎರಡೂ ಅಷ್ಟೇ ಅಂದೆ.

ಅಂಗಡಿಗೆ ಹೆಸರಿಲ್ಲ,
ಬಾಗಿಲಿಗೆ ನೇತುಬಿಟ್ಟ ಹಳೇ ರಿಮ್ಮೇ ಬೋರ್ಡು.
ಹಬ್ಬು ಕೊಳ್ಳಲು ಹಬ್ಬುವಾಡಕ್ಕೇ ಬರಬೇಕಾಯ್ತಲ್ಲ ಅಂತ
ನಾನೇ ನಕ್ಕೆ.
ಮೂವತ್ತು ವರ್ಷದಿಂದ ಕೇಳಿದ ನಗೆ ಅದು;
ಅವನು ಪಾನಾ ಹುಡುಕುತ್ತಿದ್ದ.

ಎರಡು ತೆಗೆದಿಟ್ಟ, ಪೇಪರಿನ ಮೇಲೆ.
ಒಂದು ಮುಚ್ಚಿದ ಬೇರಿಂಗಿನದು, ಕಪ್ಪು, ನುಣುಪು,
ತಿರುವಿದರೆ ಸದ್ದೇ ಇಲ್ಲ.
ಇನ್ನೊಂದು ಹಳೇ ಪದ್ಧತಿಯದು:
ಬಟ್ಟಲು, ಕೋನು, ನಡುವೆ ಬಿಡಿಬಿಡಿ ಛರ್ರೆ,
ಮೂವತ್ತಾರು ಕಡ್ಡಿಗೆ ಮೂವತ್ತಾರು ತೂತು,
ಕೈಯಲ್ಲಿ ಹಿಡಿದರೆ ತುಸು ಗರಗರ.

ಮುಚ್ಚಿದ್ದೇ ಕೊಡಿ ಅಂದೆ.
ಉಪ್ಪುಗಾಳಿಯ ಊರು;
ಹಪ್ಪಳದ ಡಬ್ಬಿ, ಬೆಂಕಿಪೊಟ್ಟಣ,
ಮುಚ್ಚಿಟ್ಟರೆ ತಾನೇ ಬಾಳುವುದು?

"ಬಾಳ್ತದೆ. ಹೋದ ದಿನ ಮಾತ್ರ ಪೂರಾ ಹೋಗ್ತದೆ.
ದೇವಿಮನೆ ಘಾಟಿನಲ್ಲಿ ಅದನ್ನು ಒತ್ತಿ ಕೂರಿಸೋ ಸಾಮಾನು
ಮಂಗ ತಂದು ಕೊಡ್ತದಾ?
ಇದಕ್ಕಾದರೆ ಎರಡು ತೆಳ್ಳನೆ ಪಾನಾ, ಒಂದು ಚಿಂದಿ,
ಕಿರುಬೆರಳಷ್ಟು ಗ್ರೀಸು.
ಕೂರಲು ಒಂದು ಕಲ್ಲು."

ಆಮೇಲೆ ಡ್ರಾಯರಿನಿಂದ ಬಿಸ್ಕೀಟಿನ ಡಬ್ಬಿ ತೆಗೆದು
ಠಣ್ ಠಣ್ ಸುರಿದ. ಮುರಿದ ಆಕ್ಸಲುಗಳು.
ಒಂದೊಂದಕ್ಕೂ ಹೆಸರು ಗೊತ್ತು ಅವನಿಗೆ.
ಇದು ಸಿಲಿಂಡರ್ ಹೊರುವ ಇಸಾಕನದು,
ಇದು ಬೈತಕೋಲದಿಂದ ಐಸು ಒಯ್ಯುವ ದುರ್ಗು ಹರಿಕಂತ್ರನದು,
ಇದೂ ದುರ್ಗುನದೇ,
ಇದು ಪಾವಿನ ಮಿಂಗೇಲನದು.
"ಎಲ್ಲಿ ಮುರಿದದೆ ನೋಡಿ."
ಬಲಗಡೆ. ಎಲ್ಲವೂ ಬಲಗಡೆ,
ಫ್ರೀವೀಲಿನ ಹೊಟ್ಟೆಯೊಳಗೆ,
ಆಸರೆ ದೂರ ಉಳಿದು ಭಾರ ಒಂಟಿಯಾದಲ್ಲಿ.
"ಈ ಹಬ್ಬಿನಲ್ಲಿ ಛರ್ರೆ ಅಂಚಿಗೇ ಬಂದು ಕೂತದೆ.
ಚಾಚಿದ ಸೂರಿಗೆ ತುದಿಯಲ್ಲೊಂದು ಕಂಬ ಕೊಟ್ಟ ಹಾಗೆ."

ಮಿಂಗೇಲನದನ್ನು ಬೆಳಕಿಗೆ ಹಿಡಿದೆ.
ಮುರಿದ ಮುಖ ಅರ್ಧ ಕಪ್ಪು,
ಇನ್ನರ್ಧ ಈಗ ತಾನೆ ಮಸೆದ ಕತ್ತಿಯ ಬಿಳುಪು.
"ಕಪ್ಪಗಿದ್ದದ್ದು ಹಳೇ ಸೀಳು, ನಾಲ್ಕೈದು ತಿಂಗಳದ್ದು.
ಬೆಳ್ಳಗಿದ್ದದ್ದು ಬಿದ್ದ ದಿನದ್ದು."

ಹಾಗಾದರೆ ನಾಲ್ಕೈದು ತಿಂಗಳು
ಅರ್ಧ ಕಬ್ಬಿಣದ ಮೇಲೆ ಕೂತು ಅವನು
ನಮ್ಮ ಬೀದಿಗೆ ಬಂದಿದ್ದ.
ಪೋಂ ಪೋಂ.
ಬಿಸಿ ಪಾವು ಸೆರಗಿಗೆ ಹಾಕಿಸಿಕೊಂಡು
ಎರಡು ರೂಪಾಯಿ ಚಿಲ್ಲರೆಗೆ ನಾನು ಜಗಳ ಆಡಿದ್ದೆ.

ಬಂದರು ಕಚೇರಿಯಲ್ಲಿ ಇಪ್ಪತ್ತಾರು ವರ್ಷ
ಉಬ್ಬರ ಇಳಿತದ ಲೆಕ್ಕ ಬರೆದವಳು ನಾನು.
ನೀರು ಎಷ್ಟು ಏರಿತು, ಎಷ್ಟು ಹೊತ್ತಿಗೆ ಇಳಿಯಿತು,
ಸೆಂಟಿಮೀಟರು ತಪ್ಪಿಲ್ಲ.
ಕಾಳಿ, ಗಂಗಾವಳಿ, ಅಘನಾಶಿನಿ,
ಹೊಳೆಗಳ ಬಾಯಿ ಎಲ್ಲ ಕಾಗದದಲ್ಲೇ ಕಂಡದ್ದು.

ಗರಗರದ್ದೇ ಇರಲಿ ಅಂದೆ.

ಕೈತಾನ ಬಟ್ಟಲಿಗೆ ಗ್ರೀಸು ತುಂಬಿದ,
ಲಾಂಚಿನ ದಂಡಕ್ಕೆ ಹಚ್ಚುವ ನೀಲಿ ಗ್ರೀಸು.
ಅಜ್ಜನ ಗಾಡಿಗೆ ಇದು ಕೀಲೆಣ್ಣೆ,
ಹಬ್ಬಿಗೆ ಆಗ ಗುಂಬ ಅಂತಿದ್ದರು ಅಂದೆ.
"ಹೆಸರು ಯಾವುದಾದ್ರೇನು, ಮರಳು ಒಂದೇ" ಅಂದ.
ಒಂಬತ್ತು ಛರ್ರೆ ಆ ಕಡೆ, ಈ ಕಡೆ ಎಂಟು.
ಒಂದು ಉರುಳಿ ಹೋಯಿತು.
ಇಬ್ಬರೂ ಮೊಣಕಾಲೂರಿ ಹುಡುಕಿದೆವು,
ಸಿಕ್ಕಿದ್ದು ನನ್ನ ಚಪ್ಪಲಿಯ ಕೆಳಗೆ.

ಸಂಜೆಗೆ ಚಕ್ರ ಕಟ್ಟಿ ಸ್ಟ್ಯಾಂಡಿಗೇರಿಸಿ
ಒಮ್ಮೆ ತಿರುಗಿಸಿ ಬಿಟ್ಟ.
ತಿರುಗಿತು, ತಿರುಗಿತು,
ಕೊನೆಗೆ ವಾಲ್ವಿನ ಭಾರಕ್ಕೆ ಸೋತು
ಆಚೆ ತೂಗಿತು, ಈಚೆ ತೂಗಿತು,
ಪ್ರತಿ ಸಲ ಒಂದು ಕೂದಲು ಕಡಿಮೆ.
ಇಳಿತ ಮುಗಿದ ನೀರಿನ ಹಾಗೆ ನಿಂತಾಗ
ಅಭ್ಯಾಸಬಲ, ಗಡಿಯಾರ ನೋಡಿದೆ.
ಐದು ಹದಿನೆಂಟು.

ನನಗೆ ಬರಬೇಕಾದ ಬಾಕಿ ಇಪ್ಪತ್ತು ರೂಪಾಯಿ.
ಅವನು ಕೊಡಲಿಲ್ಲ, ನಾನೂ ಕೇಳಲಿಲ್ಲ.
ಎರಡು ಛರ್ರೆ ಕಾಗದದಲ್ಲಿ ಕಟ್ಟಿ ಕೊಟ್ಟ:
"ತದಡಿಯ ತಾರಿಯಲ್ಲಿ ಒಂದು ಬೀಳ್ತದೆ."
ಇನ್ನೊಂದು?
"ಅದನ್ನು ಹುಡುಕೋವಾಗ."